ಹುಡುಗರಿಗೆ ಫುಟ್‌ಬಾಲ್ ಕಲಿಸಲು ಜಿಮ್ಮಿ ಹೋಗನ್ ಹಾಕಿಕೊಟ್ಟ ದಾರಿ

ಮೈದಾನಕ್ಕೆ ಬಂದ ಹುಡುಗರನ್ನು ಮೊದಲು ಹತ್ತು ಸುತ್ತು ಓಡಿಸುವ ರೂಢಿ ಬಿಡಿ. ಬಂದವರ ಕಾಲಿಗೆಲ್ಲ ಬಾಲ್ ಸಿಗಲಿ, ದಮ್ಮು ಅದರ ಜೊತೆಗೇ ಬೆಳೆಯುತ್ತದೆ. ಒಂದು ಕಾಲಕ್ಕೆ ಇಂಗ್ಲೆಂಡಿನ ಕ್ಲಬ್ಬುಗಳಲ್ಲೂ ವಾರವಿಡೀ ಓಟವೇ ಹೆಚ್ಚು. ಬಾಲ್ ಕೊಡದಿದ್ದರೆ ಶನಿವಾರದ ಮ್ಯಾಚಿಗೆ ಆಟಗಾರ ಹಸಿದಿರುತ್ತಾನೆ ಎಂಬ ನಂಬಿಕೆ. ಅದನ್ನು ಒಪ್ಪದ ಜಿಮ್ಮಿ ಹೋಗನ್ 1882ರಲ್ಲಿ ಲ್ಯಾಂಕಶೈರಿನ ನೆಲ್ಸನ್‌ನಲ್ಲಿ ಹುಟ್ಟಿದವರು. ಬರ್ನ್ಲಿ, ಫುಲ್‌ಹ್ಯಾಮ್, ಬೋಲ್ಟನ್ ತಂಡಗಳಿಗೆ ಆಡಿದರು. 1910ರಲ್ಲಿ ಕೋಚ್ ಆಗಿ ಹಾಲೆಂಡಿನ ಡೋರ್ಡ್ರೆಕ್ಟ್‌ಗೆ ಹೋದರು, ಆಮೇಲೆ ವಿಯೆನ್ನಾ, ಮೊದಲ ಮಹಾಯುದ್ಧದ ವರ್ಷಗಳಲ್ಲಿ ಹಂಗೇರಿಯ ಬುಡಾಪೆಸ್ಟಿನ ಎಂಟಿಕೆ ಕ್ಲಬ್. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಮಣಿಸಿದ ಹಂಗೇರಿಯವರು ನಮಗೆ ಆಟ ಕಲಿಸಿದವರು ಹೋಗನ್ ಎಂದೇ ಹೇಳಿದರು.

ಬಾಲಿನ ಸೈಜ್ ನೋಡಿ ಕೊಳ್ಳಿ. ಎಂಟು ವರ್ಷದೊಳಗಿನವರಿಗೆ 3, ಹನ್ನೆರಡರವರೆಗೆ 4, ಅಲ್ಲಿಂದ ಮೇಲೆ 5. ಬೆಳಗಾವಿಯ ಗರಸು ನೆಲದಲ್ಲಿ ತೆಳು ಹೊದಿಕೆಯ ಬಾಲ್ ಬೇಗ ಸುಲಿಯುತ್ತದೆ, ಒರಟು ರಬ್ಬರಿನದು ಬಾಳಿಕೆ ಬರುತ್ತದೆ. ಸೈಜ್ 5ಕ್ಕೆ 8.5ರಿಂದ 15.6 ಪೌಂಡ್ ಗಾಳಿ ಎಂದು ನಿಯಮವಿದೆ. ಗಟ್ಟಿ ನೆಲಕ್ಕೆ 9 ಸಾಕು. ಹೆಚ್ಚು ತುಂಬಿದರೆ ಬಾಲ್ ಪುಟಿದು ಓಡುತ್ತದೆ, ಹುಡುಗರು ಹೆದರಿ ಕಾಲು ಹಿಂದೆಗೆಯುತ್ತಾರೆ. ಪಂಪಿನ ಸೂಜಿ ಒದ್ದೆ ಮಾಡಿ ಚುಚ್ಚಿ, ಒಣ ಸೂಜಿಗೆ ವಾಲ್ವ್ ಹರಿಯುತ್ತದೆ.

ಮೊದಲ 15 ನಿಮಿಷ ಒಬ್ಬೊಬ್ಬರೇ ಬಾಲ್ ಉರುಳಿಸಿಕೊಂಡು ನಡೆಯಲಿ, ಎರಡೂ ಕಾಲಿನಿಂದ. ಆಮೇಲೆ ಮೂವರು ಮೂರು ಮೂಲೆಗೆ, ನಡುವೆ 8 ಹೆಜ್ಜೆ. ಪಾಸ್ ನೆಲಕ್ಕಂಟಿಯೇ ಹೋಗಬೇಕು. ಹೋಗನ್ ಕಲಿಸಿದ ಆಟದ ಜೀವಾಳ ಇದೇ. ಪಾಸ್ ಕೊಟ್ಟವನು ನಿಂತಲ್ಲೇ ನಿಲ್ಲದೆ ಬೇರೆ ಮೂಲೆಗೆ ಸರಿಯಬೇಕು; ಬಹಳ ಜನ ಬಿಟ್ಟುಬಿಡುವುದು ಇದನ್ನೇ.

ಇನ್ನು ಶೂಟಿಂಗ್. ಬರ್ನ್ಲಿಯಲ್ಲಿದ್ದಾಗ ಹೋಗನ್ ಹೊಡೆದ ಬಾಲ್ ಗೋಲಿನ ಅಡ್ಡಪಟ್ಟಿಯ ಮೇಲೆ ಹಾರಿತು. ಯಾಕೆ ಹೀಗಾಯಿತು, ಕಾಲಿಟ್ಟದ್ದು ತಪ್ಪೋ, ತೂಕ ತಪ್ಪಿತೋ ಎಂದು ಮ್ಯಾನೇಜರನ್ನು ಕೇಳಿದರೆ ಸಿಕ್ಕ ಉತ್ತರ, ಹೊಡೀತಾ ಇರು, ಹತ್ತಕ್ಕೊಂದು ಒಳಗೆ ಹೋದರೂ ಆಯಿತು ಎಂದು. ನೀವು ಹಾಗೆ ಹೇಳಬೇಡಿ, ಕಾರಣ ತೋರಿಸಿ. ಊರುವ ಕಾಲು ಬಾಲಿನ ಹಿಂದೆ ಬಿದ್ದರೆ ಮೈ ಹಿಂದಕ್ಕೆ ವಾಲುತ್ತದೆ, ಪಾದ ಬಾಲಿನ ತಳಕ್ಕೆ ತಾಗುತ್ತದೆ, ಬಾಲ್ ಮೇಲೇಳುತ್ತದೆ. ಊರುವ ಕಾಲು ಬಾಲಿನ ಪಕ್ಕದಲ್ಲಿ ಒಂದು ಗೇಣು ದೂರ ಇರಲಿ, ಬೆರಳು ಗೋಲಿನ ಕಡೆ. ಹೊಡೆಯುವ ಮೊಣಕಾಲು ಬಾಲಿನ ಮೇಲೆ ಬರಲಿ, ಹರಡು ಬಿಗಿ, ಕಣ್ಣು ಬಾಲಿನ ಮೇಲೆ. ನಿಂತ ಬಾಲಿಗೆ 10 ಸಲ ಮೆತ್ತಗೆ ಹೊಡೆಸಿ, ಆಮೇಲೆ ಉರುಳುವ ಬಾಲಿಗೆ. ಜೋರು ಕೇಳಬೇಡಿ, ಗುರಿ ಕೇಳಿ.

ಕೊನೆಯ 20 ನಿಮಿಷ ನಾಲ್ವರ ಮೇಲೆ ನಾಲ್ವರು, ಗೋಲ್‌ಕೀಪರ್ ಇಲ್ಲದೆ ಸಣ್ಣ ಗೋಲಿಗೆ. ವಿಜಯಪುರ, ಬಾಗಲಕೋಟೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆಟಕ್ಕೆ ಮೊದಲು ಬಿರುಕುಗಳಿಗೆ ಮಣ್ಣು ತುಂಬಿ ತುಳಿಸಿ, ಇಲ್ಲವೇ ಜಾಗ ಬದಲಿಸಿ. ಪಾದ ಸಿಕ್ಕಿಬಿದ್ದರೆ ಉಳುಕಿ ಹುಡುಗ ವಾರಗಟ್ಟಲೆ ಕೂರಬೇಕಾಗುತ್ತದೆ.