ಸಿಮ್ಯುಲೇಟರ್ ಜರ್ಕ್ ಹೊಡೆಯುತ್ತಿದೆಯೇ? ಮೊದಲು ಅಳೆಯಿರಿ, ಆಮೇಲೆ ಇಳಿಸಿ

ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಬೆಣ್ಣೆಯಂತೆ ಸಾಗುತ್ತಿದ್ದ ವಿಮಾನ, ದೇವನಹಳ್ಳಿಯ ರನ್‌ವೇ ಇನ್ನು ಐನೂರು ಅಡಿ ಕೆಳಗಿದೆ ಅನ್ನುವಾಗ ಮುಗ್ಗರಿಸತೊಡಗುತ್ತದೆ. ಸ್ಟಿಕ್ ಎಳೆದರೆ ಅರೆಕ್ಷಣ ಏನೂ ಆಗುವುದಿಲ್ಲ. ಆಮೇಲೆ ಮೂಗು ಒಮ್ಮೆಲೇ ಮೇಲೇಳುತ್ತದೆ, ಚಕ್ರ ಧಡ್ ಎಂದು ನೆಲಕ್ಕೆ ಬಡಿಯುತ್ತದೆ. ಆಗ ಹೆಚ್ಚಿನವರು ಗ್ರಾಫಿಕ್ಸನ್ನು ಅಲ್ಟ್ರಾದಿಂದ ಮೀಡಿಯಂಗೆ ಇಳಿಸುತ್ತಾರೆ. ನೋಟ ಕೆಡುತ್ತದೆ, ಜರ್ಕ್ ಇದ್ದಲ್ಲೇ ಇರುತ್ತದೆ. ಮುಂದಿನ ಶನಿವಾರ ಎಸ್‌ಪಿ ರೋಡ್‌ನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡಿನ ರೇಟು ವಿಚಾರಿಸುತ್ತಾರೆ. ದುಡ್ಡು ಕೊಟ್ಟು ತಂದ ಮೇಲೂ ಜರ್ಕ್ ಹೋಗದಿದ್ದರೆ ಆಶ್ಚರ್ಯವಿಲ್ಲ. ಆ ಐನೂರು ಅಡಿಯಲ್ಲಿ ಸಾಮಾನ್ಯವಾಗಿ ಕೈಕೊಡುವುದು ಕಾರ್ಡಲ್ಲ, ಸಿಪಿಯು.

ಇಲ್ಲಿ ಹೇಳುವುದು ಮುಖ್ಯವಾಗಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಮತ್ತು 2024ರ ಬಗ್ಗೆ. ಎಕ್ಸ್-ಪ್ಲೇನ್ 12 ಇಟ್ಟುಕೊಂಡವರಿಗೆ ಕೊನೆಯ ಹೊತ್ತಿಗೆ ಎರಡು ಮಾತಿವೆ.

ಎಫ್‌ಪಿಎಸ್ ಅಲ್ಲ, ಮಿಲಿಸೆಕೆಂಡ್

ಸೆಕೆಂಡಿಗೆ ಎಷ್ಟು ಚಿತ್ರ ಬಂದವು ಅನ್ನುವುದು, ಅಂದರೆ ಎಫ್‌ಪಿಎಸ್, ಸರಾಸರಿ ಲೆಕ್ಕ. ಕಣ್ಣಿಗೆ ತಿಳಿಯುವುದು ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಿನ ಅಂತರ. 30 ಎಫ್‌ಪಿಎಸ್ ಅಂದರೆ 33.3 ಮಿಲಿಸೆಕೆಂಡ್, 60 ಅಂದರೆ 16.7. ಐವತ್ತೊಂಬತ್ತು ಚಿತ್ರ ಸರಿಯಾಗಿ ಬಂದು ಒಂದೇ ಒಂದು 120 ಮಿಲಿಸೆಕೆಂಡ್ ತಗೊಂಡರೂ ಕೌಂಟರ್ 50ರ ಮೇಲೇ ತೋರಿಸುತ್ತದೆ, ಆದರೆ ನಿಮಗೆ ಜರ್ಕ್ ಹೊಡೆದದ್ದು ಗೊತ್ತಾಗಿರುತ್ತದೆ. ಹೆಬ್ಬಾಳ ಫ್ಲೈಓವರ್ ಮೇಲೆ ಬ್ರೇಕ್ ಹಾಕುತ್ತ, ಬಿಡುತ್ತ ಹೋಗುವ ಬಸ್ಸಿಗೂ ಒಂದು ಸರಾಸರಿ ವೇಗ ಇರುತ್ತದಲ್ಲ, ಹಾಗೆ.

60 ಹರ್ಟ್ಜ್ ಮಾನಿಟರಿನಲ್ಲಿ ವಿ-ಸಿಂಕ್ (ಚಿತ್ರವನ್ನು ಮಾನಿಟರಿನ ಸುತ್ತಿಗೆ ಹೊಂದಿಸುವ ಸೆಟ್ಟಿಂಗ್) ಹಾಕಿಕೊಂಡು 45 ಎಫ್‌ಪಿಎಸ್ ಓಡಿಸಿದರೆ, 30ಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಕೆಲವು ಚಿತ್ರ ಪರದೆಯ ಮೇಲೆ ಒಂದು ಸುತ್ತು ನಿಲ್ಲುತ್ತವೆ, ಕೆಲವು ಎರಡು ಸುತ್ತು. ಈ ಹೆಚ್ಚುಕಡಿಮೆಯೇ ಜರ್ಕ್. ಹಾಗಾಗಿ ಮಾನಿಟರಿನ ವೇಗವನ್ನು ಸರಿಯಾಗಿ ಭಾಗಿಸುವ ಸಂಖ್ಯೆಗೆ ಎಫ್‌ಪಿಎಸ್ ಕಟ್ಟಿಹಾಕಬೇಕು: 60 ಹರ್ಟ್ಜ್‌ಗೆ 30, 120ಕ್ಕೆ 40, 144ಕ್ಕೆ 36 ಅಥವಾ 48. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ವರ್ಟಿಕಲ್ ಸಿಂಕ್‌ನಲ್ಲಿ ಅಡಾಪ್ಟಿವ್ ಹಾಫ್ ರಿಫ್ರೆಶ್ ರೇಟ್ ಆರಿಸಿದರೆ 60 ಹರ್ಟ್ಜ್ ಮಾನಿಟರಿಗೆ 30ರ ಕಟ್ಟು ಬೀಳುತ್ತದೆ. ಬೇರೆ ಸಂಖ್ಯೆ ಬೇಕಿದ್ದರೆ ರಿವಾಟ್ಯೂನರ್ ಎಂಬ ಉಚಿತ ತಂತ್ರಾಂಶ ಇದೆ. ಬರುವ ಚಿತ್ರಕ್ಕೆ ತಕ್ಕಂತೆ ತನ್ನ ವೇಗ ಬದಲಿಸಿಕೊಳ್ಳುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಮಾನಿಟರ್ ಇದ್ದವರಿಗೆ ಈ ಭಾಗಾಕಾರದ ತಲೆನೋವಿಲ್ಲ. ಆದರೂ ಯಂತ್ರ ಸಲೀಸಾಗಿ ಮುಟ್ಟುವ ಸಂಖ್ಯೆಗಿಂತ ನಾಲ್ಕೈದು ಕಡಿಮೆಗೆ ಕಟ್ಟುವುದು ಒಳ್ಳೆಯದು.

ಯಾರು ತಡಮಾಡುತ್ತಿದ್ದಾರೆ?

ಆಪ್ಷನ್ಸ್‌ನ ಜನರಲ್ ಭಾಗದಲ್ಲಿ ಡೆವಲಪರ್ ಮೋಡ್ ಆನ್ ಮಾಡಿ. ಮೇಲೆ ಒಂದು ಮೆನು ಬರುತ್ತದೆ. ಅದರ ಡೀಬಗ್‌ನಲ್ಲಿ ಡಿಸ್‌ಪ್ಲೇ ಎಫ್‌ಪಿಎಸ್ ಒತ್ತಿ. ಮೂಲೆಯಲ್ಲಿ ಬರುವ ಪೆಟ್ಟಿಗೆಯಲ್ಲಿ ಎಫ್‌ಪಿಎಸ್ ಬಿಟ್ಟು ಅದರ ಜೊತೆಗಿನ ಸಾಲು ನೋಡಿ: ಲಿಮಿಟೆಡ್ ಬೈ ಮೇನ್‌ಥ್ರೆಡ್ (ತಡ ಸಿಪಿಯುನದು) ಅಥವಾ ಲಿಮಿಟೆಡ್ ಬೈ ಜಿಪಿಯು (ತಡ ಗ್ರಾಫಿಕ್ಸ್ ಕಾರ್ಡಿನದು). ಈ ಒಂದು ಸಾಲು ಓದದೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಅಳೆಯುವಾಗ ಎಫ್‌ಪಿಎಸ್‌ಗೆ ಹಾಕಿದ ಕಟ್ಟು ಬಿಚ್ಚಿರಬೇಕು, ಇಲ್ಲದಿದ್ದರೆ ಈ ಸಾಲಿಗೆ ಅರ್ಥವಿಲ್ಲ.

ಪರೀಕ್ಷೆಗೆ ಒಂದೇ ಹಾರಾಟವನ್ನು ಗೊತ್ತುಮಾಡಿಕೊಳ್ಳಿ. ಕೆಂಪೇಗೌಡ ವಿಮಾನ ನಿಲ್ದಾಣ ಅಂದರೆ ವಿಓಬಿಎಲ್, ಏರ್‌ಬಸ್ ಎ320, ಮಧ್ಯಾಹ್ನ ಹನ್ನೆರಡು, ಮೋಡವಿಲ್ಲದ ಆಕಾಶ, ಲೈವ್ ಹವಾಮಾನ ಆಫ್, ಲೈವ್ ಟ್ರಾಫಿಕ್ ಆಫ್. ಟರ್ಮಿನಲ್ ಪಕ್ಕ ನಿಂತು ಎರಡು ನಿಮಿಷ ಅಳೆಯಿರಿ, ಹಾರಿ ಒಂದು ಸುತ್ತು ಹಾಕಿ ಇಳಿಯುವಾಗ ಮತ್ತೆ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಲೈವ್ ಹವಾಮಾನ ಬಿಟ್ಟುಕೊಂಡು ಅಳೆದರೆ, ಎಫ್‌ಪಿಎಸ್ ಏರಿದ್ದು ನಿಮ್ಮ ಸೆಟ್ಟಿಂಗ್‌ನಿಂದಲೋ ಮೋಡ ಸರಿದದ್ದರಿಂದಲೋ ದೇವರಿಗೇ ಗೊತ್ತು.

ಮೇನ್‌ಥ್ರೆಡ್ ಎಂದು ಬಂದರೆ

ಸಿಪಿಯುನಲ್ಲಿ ಹದಿನಾರು ಕೋರ್ ಇದ್ದರೂ ಸಿಮ್ಯುಲೇಟರಿನ ಮುಖ್ಯ ಕೆಲಸ ಹೆಚ್ಚಾಗಿ ಒಂದೇ ಥ್ರೆಡ್ ಮೇಲೆ ಕೂತಿರುತ್ತದೆ. ಟಾಸ್ಕ್ ಮ್ಯಾನೇಜರ್ 25 ಪರ್ಸೆಂಟ್ ತೋರಿಸಿದರೂ ಆ ಒಂದು ಥ್ರೆಡ್ ಏದುಸಿರು ಬಿಡುತ್ತಿರಬಹುದು. ಇಲ್ಲಿ ರೆಸಲ್ಯೂಷನ್ ಇಳಿಸಿ, ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ ಹಿಗ್ಗಿಸುವ ಎನ್‌ವಿಡಿಯಾ ತಂತ್ರ) ಹಾಕಿ, ನೆರಳು ತೆಗೆದು ಪ್ರಯೋಜನವಿಲ್ಲ. ಅವು ಕಾರ್ಡಿನ ಹೊರೆ ಇಳಿಸುತ್ತವೆ, ಕಾರ್ಡ್ ಆಗಲೇ ಕೈಕಟ್ಟಿ ಕೂತಿದೆ.

ಮೊದಲು ಇಳಿಸಬೇಕಾದ್ದು ಟೆರೇನ್ ಲೆವೆಲ್ ಆಫ್ ಡೀಟೇಲ್. 100 ಇದ್ದದ್ದನ್ನು 200 ಮಾಡಿದರೆ ವಿವರ ಕಾಣುವ ದೂರ ಎರಡು ಪಟ್ಟಾಗುತ್ತದೆ, ಆದರೆ ಅದು ಆವರಿಸುವ ನೆಲ ನಾಲ್ಕು ಪಟ್ಟು. ಕಟ್ಟಡ, ಮರಗಳ ಲೆಕ್ಕವೂ ಅದರ ಹಿಂದೆಯೇ ಬೆಳೆಯುತ್ತದೆ. ದೊಡ್ಡ ಜೆಟ್‌ನಲ್ಲಿ ದೊಡ್ಡ ನಿಲ್ದಾಣಕ್ಕೆ ಇಳಿಯುವಾಗ 100 ಧಾರಾಳ ಸಾಕು, ಹಳೆಯ ಸಿಪಿಯು ಆದರೆ 70. ಜಕ್ಕೂರಿನಿಂದ ಸೆಸ್ನಾ 172 ಹತ್ತಿಸಿಕೊಂಡು ಪಶ್ಚಿಮ ಘಟ್ಟದ ಕಡೆ ಹೋಗುವ ದಿನ 200 ಇಡಿ. ಆ ವಿಮಾನದ ಲೆಕ್ಕಾಚಾರ ಹಗುರ, ನೋಡಬೇಕಾದ್ದೂ ಬೆಟ್ಟವೇ. ಎರಡಕ್ಕೂ ಒಂದೇ ಸಂಖ್ಯೆ ಹುಡುಕುವ ಹಟ ಬೇಡ.

ಎರಡನೆಯದು ಟ್ರಾಫಿಕ್. ಗೇಟ್‌ಗಳಲ್ಲಿ ನಿಂತ ವಿಮಾನ, ಲಗೇಜ್ ಗಾಡಿ, ಕೆಲಸಗಾರರು, ರಸ್ತೆಯ ಕಾರು, ಇವೆಲ್ಲಕ್ಕೂ ಬೇರೆ ಬೇರೆ ಪರ್ಸೆಂಟ್ ಇದೆ. ಎಲ್ಲವನ್ನೂ 20ರ ಆಸುಪಾಸಿಗೆ ತನ್ನಿ. ಕಾಕ್‌ಪಿಟ್‌ನಲ್ಲಿ ಕೂತವರಿಗೆ ಲಗೇಜ್ ಗಾಡಿ ಕಾಣುವುದು ಅಪರೂಪ, ಸಿಪಿಯು ಮಾತ್ರ ಅದನ್ನು ಓಡಿಸುತ್ತಲೇ ಇರುತ್ತದೆ. ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ ಅನ್ನು ಹೈನಿಂದ ಮೀಡಿಯಂಗೆ ಇಳಿಸಿದರೆ ಎ320ಯಂಥ ಪರದೆಗಳೇ ತುಂಬಿದ ವಿಮಾನದಲ್ಲಿ ಉಸಿರಾಡಲು ಜಾಗ ಸಿಗುತ್ತದೆ. ಲೋಗೆ ಇಳಿಸಿದರೆ ಕೃತಕ ದಿಗಂತವೇ ಜರ್ಕ್ ಹೊಡೆಯುತ್ತದೆ, ಬೇಡ.

ಇನ್ನು ಕಾಸು ಖರ್ಚಿಲ್ಲದ ಒಂದು ಕೆಲಸ: ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ ಸ್ಪೀಡ್ ನೋಡಿ. ಡಬ್ಬದ ಮೇಲೆ 3200 ಎಂದಿದ್ದ ಡಿಡಿಆರ್4 ರ‍್ಯಾಮ್ 2133 ಅಥವಾ 2666 ತೋರಿಸುತ್ತಿದ್ದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಡಬ್ಬದ ಮೇಲಿನ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆಫ್ ಇದೆ ಎಂದರ್ಥ. ಬೋರ್ಡ್ ಕಾರ್ಖಾನೆಯಿಂದ ಬರುವುದೇ ಹಾಗೆ, ಅಸೆಂಬಲ್ ಮಾಡುವವರು ಆನ್ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಡಿಡಿಆರ್5ನಲ್ಲೂ ಇದೇ ಕಥೆ, ಎಎಂಡಿ ಬೋರ್ಡಿನಲ್ಲಿ ಹೆಸರು ಎಕ್ಸ್‌ಪೋ. ಜೊತೆಗೆ ರ‍್ಯಾಮ್ ಎರಡು ಕಡ್ಡಿ ಇರಬೇಕು, ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಸಿಪಿಯುನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದರಲ್ಲಿ. 16 ಜಿಬಿಯ ಒಂದೇ ಕಡ್ಡಿಗಿಂತ 8ರ ಎರಡು ಮೇಲು. 2024ಕ್ಕೆ ಕನಿಷ್ಠ 16 ಎಂದು ಬರೆದಿದ್ದಾರೆ, ಶಿಫಾರಸು 32. ನೆಮ್ಮದಿ ಬೇಕಾದವರು 32ನ್ನೇ ಕನಿಷ್ಠ ಎಂದುಕೊಳ್ಳಿ.

ದುಡ್ಡು ಹಾಕಲೇಬೇಕು ಅಂದರೆ ಇಲ್ಲಿ ಹಾಕಬೇಕಾದ್ದು ಸಿಪಿಯು ಮೇಲೆ, ಅದರಲ್ಲೂ ದೊಡ್ಡ ಕ್ಯಾಶ್ ಇರುವ ಮಾದರಿ. ಎಎಂಡಿಯ ಎಎಂ4 ಬೋರ್ಡ್ ಇದ್ದವರಿಗೆ ರೈಜನ್ 7 5800ಎಕ್ಸ್3ಡಿ, ಎಎಂ5ಗೆ 7800ಎಕ್ಸ್3ಡಿ. ಎರಡರಲ್ಲೂ 96 ಎಂಬಿ ಎಲ್3 ಕ್ಯಾಶ್ ಇದೆ. ಮೇನ್‌ಥ್ರೆಡ್‌ಗೆ ಪದೇ ಪದೇ ಬೇಕಾಗುವ ಮಾಹಿತಿ ಅಲ್ಲೇ ಕೈಗೆ ಸಿಗುವುದರಿಂದ ರ‍್ಯಾಮ್‌ವರೆಗೆ ಓಡುವ ಕೆಲಸ ತಪ್ಪುತ್ತದೆ. ಹಳೆಯ ಬೋರ್ಡಿಗೆ ಹಾಕುವ ಮುಂಚೆ ಬಯಾಸ್ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಪರದೆ ಕಪ್ಪಾಗೇ ಉಳಿಯುತ್ತದೆ.

ಜಿಪಿಯು ಎಂದು ಬಂದರೆ

ಇದು ಸುಲಭದ ಕಾಯಿಲೆ. ಮೋಡಗಳನ್ನು ಅಲ್ಟ್ರಾದಿಂದ ಹೈಗೆ ಇಳಿಸಿ. ಉಳಿತಾಯ ದೊಡ್ಡದು, ನೋಟದ ನಷ್ಟ ಹುಡುಕಿ ನೋಡಬೇಕು. ಹೊಟ್ಟೆಗೆ ಹಿಟ್ಟಿಲ್ಲದ ಕಾರ್ಡಿನ ಜುಟ್ಟಿಗೆ ಅಲ್ಟ್ರಾ ಮೋಡದ ಮಲ್ಲಿಗೆ ಯಾಕೆ? ಆಮೇಲೆ ಡಿಎಲ್‌ಎಸ್‌ಎಸ್ ಕ್ವಾಲಿಟಿ. ಪರ್ಫಾರ್ಮೆನ್ಸ್ ಮೋಡ್‌ಗೆ ಹೋದರೆ ಕಾಕ್‌ಪಿಟ್ ಪರದೆಯ ಎತ್ತರದ ಅಂಕಿ ತಿರುಗುವಾಗ ಒರೆಸಿದ ಸ್ಲೇಟಿನಂತೆ ಕಾಣುತ್ತದೆ. ನಡುನಡುವೆ ಕೃತಕ ಚಿತ್ರ ಸೇರಿಸುವ ಫ್ರೇಮ್ ಜನರೇಷನ್ ನೋಟಕ್ಕೆ ನುಣುಪು ಕೊಡುತ್ತದೆ, ಸ್ಟಿಕ್ಕಿನ ತಡವನ್ನು ಕಡಿಮೆ ಮಾಡುವುದಿಲ್ಲ. ಮೂಲದಲ್ಲಿ 40 ಎಫ್‌ಪಿಎಸ್ ಬರದ ಯಂತ್ರದಲ್ಲಿ ಅದನ್ನು ನಂಬಿ ಇಳಿಯಲು ಹೋಗಬೇಡಿ.

ವಿಡಿಯೋ ಮೆಮೊರಿ ಬೇರೆಯೇ ವಿಷಯ. ಆರ್‌ಟಿಎಕ್ಸ್ 4060ರಂಥ 8 ಜಿಬಿ ಕಾರ್ಡಿನಲ್ಲಿ ಟೆಕ್ಸ್‌ಚರ್ ಅಲ್ಟ್ರಾ ಇಟ್ಟು ದೊಡ್ಡ ನಿಲ್ದಾಣಕ್ಕೆ ಹೋದರೆ ಮೆಮೊರಿ ತುಂಬಿ, ಮಿಕ್ಕದ್ದು ನಿಧಾನದ ಸಿಸ್ಟಂ ರ‍್ಯಾಮ್‌ಗೆ ಹರಿಯುತ್ತದೆ. ಆಗ ಎಫ್‌ಪಿಎಸ್ ಮೆಲ್ಲಗೆ ಇಳಿಯುವುದಿಲ್ಲ, 45ರಿಂದ ಒಂದಂಕಿಗೆ ಬೀಳುತ್ತದೆ. ಟೆಕ್ಸ್‌ಚರ್ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ.

ಜರ್ಕ್ ಬರುವ ಹೊತ್ತು ನೋಡಿ

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಹದಗೆಟ್ಟರೆ ಬಿಸಿ. ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ಸಿಪಿಯು ತಾಪ 95 ಡಿಗ್ರಿ ದಾಟಿ ಕ್ಲಾಕ್ ಕುಸಿಯುವುದು ಕಾಣುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಇಲ್ಲದ ತೊಂದರೆ ಏಪ್ರಿಲ್‌ನಲ್ಲಿ ಬಂದರೆ ಇದೇ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರೆ ಫ್ಯಾನ್ ಜಾಲರಿಯ ಧೂಳು ತಿಂಗಳಿಗೊಮ್ಮೆ ತೆಗೆಯಬೇಕು. ಲ್ಯಾಪ್‌ಟಾಪ್ ಆದರೆ ಹಿಂಭಾಗ ಎರಡು ಮೂರು ಸೆಂಟಿಮೀಟರ್ ಎತ್ತಿಡಿ, ಚಾರ್ಜರ್ ಸದಾ ಸಿಕ್ಕಿಸಿರಲಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹಾಕುವ ಯೋಚನೆ ಇದ್ದರೆ, ಅದರ ಆಂಟಿವೈರಸ್ಸೇ ನಿಮ್ಮನ್ನು ಇಳಿಸುತ್ತದೆ.

ಕೆಲವು ಸೆಕೆಂಡಿಗೊಮ್ಮೆ ಗಡಿಯಾರದಂತೆ ಬರುವ ಜರ್ಕ್ ಹಿನ್ನೆಲೆಯ ತಂತ್ರಾಂಶದ್ದು, ಇಲ್ಲವೇ ಆ್ಯಡಾನ್‌ದು. ಆ್ಯಡಾನ್‌ಗಳು ಕೂರುವ ಕಮ್ಯುನಿಟಿ ಫೋಲ್ಡರನ್ನು ಪೂರ್ತಿ ಬೇರೆಡೆಗೆ ಸರಿಸಿ ಒಮ್ಮೆ ಹಾರಿ. ಹೋದರೆ ಅರ್ಧರ್ಧ ವಾಪಸ್ ಹಾಕುತ್ತ ಕಳ್ಳನನ್ನು ಹಿಡಿಯಿರಿ. ಎಲ್ಲೋ ಒಮ್ಮೆ ಸೆಕೆಂಡ್‌ಗಟ್ಟಲೆ ಸ್ತಬ್ಧವಾದರೆ ಜಾಯ್‌ಸ್ಟಿಕ್ಕಿನ ಯುಎಸ್‌ಬಿ ಕಡಿದು ಸೇರುತ್ತಿರಬಹುದು. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ತಲೆ ತಿರುಗಿಸಿದಾಗ ಮಾತ್ರ ಆದರೆ ಆಫ್-ಸ್ಕ್ರೀನ್ ಪ್ರೀ-ಕ್ಯಾಶಿಂಗ್ ಏರಿಸಿ. ಅದು ಮೆಮೊರಿ ತಿನ್ನುತ್ತದೆ ಎಂಬುದು ನೆನಪಿರಲಿ.

ಎಫ್‌ಪಿಎಸ್ ಸರಿ ಇದ್ದು ನೆಲ ಮಾತ್ರ ಮಸುಕು, ಕಟ್ಟಡಗಳು ಕರಗಿದ ಮೇಣದಂತಿದ್ದರೆ ಅದು ಇಂಟರ್ನೆಟ್. 2020ಕ್ಕೆ 20 ಎಂಬಿಪಿಎಸ್ ಶಿಫಾರಸು, 2024ಕ್ಕೆ 50. ಪ್ಲಾನ್ 100ರದ್ದೇ ಇರಬಹುದು, ಆದರೆ ಅಪಾರ್ಟ್‌ಮೆಂಟ್‌ನ ಇಪ್ಪತ್ತು ವೈಫೈಗಳ ನಡುವೆ 2.4 ಗಿಗಾಹರ್ಟ್ಜ್‌ನಲ್ಲಿ ಅಷ್ಟು ಒಳಗೆ ಬರುವುದಿಲ್ಲ. ರೂಟರ್‌ನಿಂದ ನೇರ ಲ್ಯಾನ್ ಕೇಬಲ್ ಎಳೆಯಿರಿ. ಇಂಟರ್ನೆಟ್‌ನಿಂದ ಬಂದ ನೆಲದ ಚಿತ್ರ ಕೂಡಿಡುವ ರೋಲಿಂಗ್ ಕ್ಯಾಶನ್ನು ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿಡಿ.

ಹಾರುತ್ತಿದ್ದಾಗ ಕರೆಂಟ್ ಹೋದರೆ ಆ ಕ್ಯಾಶ್ ಕಡತ ಕೆಡಬಹುದು, ಮುಂದಿನ ದಿನಗಳ ಕಾರಣವಿಲ್ಲದ ಜರ್ಕ್‌ಗೆ ಅದೂ ಒಂದು ಮೂಲ. ಅಳಿಸಿ ಹೊಸದು ಮಾಡಿಕೊಳ್ಳಿ. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಗೇಮಿಂಗ್ ಯಂತ್ರ, ಮಾನಿಟರ್ ಎರಡನ್ನೂ ಅದು ಹೊರುವುದು ಕಷ್ಟ, 1000 ವಿಎ ಮೇಲಿನದನ್ನು ನೋಡಿ. ಆ್ಯಕ್ಟಿವ್ ಪಿಎಫ್‌ಸಿ ಎಂದು ಬರೆದಿರುವ ಪಿಎಸ್‌ಯುಗೆ (ಕಂಪ್ಯೂಟರಿನ ಪವರ್ ಸಪ್ಲೈ) ಪ್ಯೂರ್ ಸೈನ್ ವೇವ್ ಆದರೆ ಒಳ್ಳೆಯದು. ಮನೆಯ ಇನ್ವರ್ಟರನ್ನೇ ನಂಬಿದ್ದರೆ ಅದರ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಲಿ.

ಎಕ್ಸ್-ಪ್ಲೇನ್ 12ರಲ್ಲೂ ವಿಭಜನೆ ಇದೇ: ವರ್ಲ್ಡ್ ಆಬ್ಜೆಕ್ಟ್ಸ್ ಸಿಪಿಯು ಹೊರೆ, ಆ್ಯಂಟಿ-ಏಲಿಯಾಸಿಂಗ್ ಜಿಪಿಯು ಹೊರೆ. ಡೇಟಾ ಔಟ್‌ಪುಟ್‌ನಲ್ಲಿ ಫ್ರೇಮ್ ರೇಟ್ ಸಾಲು ಟಿಕ್ ಮಾಡಿದರೆ ಎರಡರ ಸಮಯವೂ ಕಾಣುತ್ತದೆ. 20 ಎಫ್‌ಪಿಎಸ್‌ಗಿಂತ ಕೆಳಗೆ ಹೋದರೆ ಅದು ಸಿಮ್ಯುಲೇಟರಿನ ಕಾಲವನ್ನೇ ನಿಧಾನಿಸುತ್ತದೆ, ಹತ್ತು ನಿಮಿಷದ ದಾರಿ ಹದಿನೈದಾಗಬಹುದು.

ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದ ದಿನ ಅಳೆಯಲು ಕೂರಬೇಡಿ. ಶೇಡರ್‌ಗಳು (ಬೆಳಕು, ಬಣ್ಣ ಬಿಡಿಸಲು ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂಗಳು) ಹೊಸದಾಗಿ ತಯಾರಾಗಬೇಕಿರುವುದರಿಂದ ಮೊದಲ ಒಂದೆರಡು ಹಾರಾಟದಲ್ಲಿ ಜರ್ಕ್ ಇದ್ದೇ ಇರುತ್ತದೆ. ಮೂರನೆಯದರಿಂದ ಲೆಕ್ಕ ಹಿಡಿಯಿರಿ.