ನೆಲದಡಿ ಪೈಪ್ ಸೋರುತ್ತಿದೆಯೇ? ಒಡೆಯುವ ಮುನ್ನ ಇಷ್ಟು ಮಾಡಿ

ಟೈಲ್ಸ್ ಸಂದಿಯಲ್ಲಿ ಒರೆಸಿದಷ್ಟೂ ತೇವ ಮರಳುತ್ತದೆ. ನೆಲದ ಒಂದೇ ಜಾಗ ಬರಿಗಾಲಿಗೆ ಬೆಚ್ಚಗೆ ತಾಕುತ್ತದೆ. ನಲ್ಲಿಗಳೆಲ್ಲ ಮುಚ್ಚಿದ್ದರೂ ರಾತ್ರಿ ಎಲ್ಲೋ ಸಣ್ಣಗೆ ನೀರು ಹರಿಯುವ ಸದ್ದು. ಕಾಂಕ್ರೀಟ್ ನೆಲದಡಿ ಹೂತ ಪೈಪ್ ಸೋರತೊಡಗಿದಾಗ ಕಾಣುವ ಲಕ್ಷಣಗಳಿವು. ಬಂದವರೆಲ್ಲ ಕೊಡುವ ಸಲಹೆ, ‘ಒಡೆದು ನೋಡೋಣ’. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪೈಪ್ ತೂತಾದ ಕಡೆಯೇ ನೀರು ಮೇಲೆ ಬರಬೇಕೆಂದಿಲ್ಲ. ಕಾಂಕ್ರೀಟ್ ಹಾಸಿನ ಕೆಳಗಿನ ಮಣ್ಣಲ್ಲಿ ದೂರ ಹರಿದು, ಬಿರುಕು ಸಿಕ್ಕಲ್ಲಿ ಅದು ತಲೆಯೆತ್ತುತ್ತದೆ.

ಸೋರುತ್ತಿರುವುದು ಯಾವ ಲೈನ್?

ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ನೀರಿನ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಒಂದೆರಡು ಗಂಟೆ ಯಾರೂ ನೀರು ಮುಟ್ಟಬಾರದು. ಅಂಕಿ ಬದಲಾಗಿದ್ದರೆ ಸೋರಿಕೆ ಇದೆ. ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಾದರೆ ಟ್ಯಾಂಕಿಗೆ ನೀರು ತುಂಬುವ ವಾಲ್ವ್ ಮುಚ್ಚಿ, ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ನಿಮಿಷಕ್ಕೆ 1 ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್ ಆಗುತ್ತದೆ, ಕಣ್ಣಿಗೆ ಬೀಳದೆ ಇರದು.

ಆದರೆ ಕಳ್ಳ ನೆಲದಡಿಯೇ ಇರಬೇಕೆಂದಿಲ್ಲ. ಕಮೋಡಿನ ಫ್ಲಶ್ ಟ್ಯಾಂಕಿಗೆ ಬಣ್ಣದ ನೀರು ಹಾಕಿ ಅರ್ಧ ಗಂಟೆ ಬಿಡಿ. ಬಣ್ಣ ಕೆಳಗಿನ ಬಟ್ಟಲಿಗೆ ಇಳಿದಿದ್ದರೆ ಕೆಟ್ಟಿರುವುದು ಅದರ ವಾಷರ್, ನಿಮ್ಮ ತಳಪಾಯವಲ್ಲ. ಅಲ್ಲಿ ತೊಂದರೆ ಕಾಣದಿದ್ದರೆ ಗೀಸರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಮೀಟರ್ ನಿಂತಿತೇ? ಸೋರುತ್ತಿರುವುದು ಬಿಸಿನೀರಿನ ಲೈನ್. ಓಡುತ್ತಲೇ ಇದೆಯೇ? ತಣ್ಣೀರಿನ ಲೈನ್ ಕಡೆ ನೋಡಬೇಕು. ಮನೆಯೊಳಗಿನ ಮುಖ್ಯ ವಾಲ್ವ್ ಮುಚ್ಚಿದರೂ ಮೀಟರ್ ತಿರುಗುತ್ತಿದ್ದರೆ ಸೋರಿಕೆ ಮೀಟರಿಗೂ ಆ ವಾಲ್ವಿಗೂ ನಡುವೆ, ಹೊರಗೆಲ್ಲೋ ಇದೆ.

ಮೀಟರ್ ಕದಲದೆ ನೆಲ ಮಾತ್ರ ತೇವವಾಗುತ್ತಿದ್ದರೆ, ಸ್ನಾನ ಮಾಡಿದಾಗ ಅಥವಾ ಫ್ಲಶ್ ಮಾಡಿದಾಗಷ್ಟೇ ತೇವ ಹೆಚ್ಚುತ್ತಿದ್ದರೆ, ಅನುಮಾನ ಪಡಬೇಕಾದ್ದು ಕೊಳಕುನೀರಿನ ಪೈಪನ್ನು. ನೀರು ಹೊರಹೋಗುವ ತುದಿಗೆ ಬಿರಡೆ ಹಾಕಿ, ಆ ಪೈಪಿಗೆ ನೀರು ತುಂಬಿಸಿ, ಮಟ್ಟ ಇಳಿಯುತ್ತದೆಯೇ ಎಂದು ಪ್ಲಂಬರ್ ನೋಡುತ್ತಾರೆ. ಒಳಗೆ ಕ್ಯಾಮೆರಾ ಇಳಿಸಿದರೆ ಬಿರುಕು, ಹೊಕ್ಕ ಬೇರು ಎರಡೂ ಕಾಣುತ್ತವೆ.

ಜಾಗ ಗುರುತಿಸುವುದು ಅನುಭವಿಗಳ ಕೆಲಸ. ಲೈನಿಗೆ ಗಾಳಿಯ ಒತ್ತಡ ಕೊಟ್ಟು ಗೇಜ್ ನೋಡುತ್ತಾರೆ, ನೆಲಕ್ಕೆ ಕಿವಿಗೊಡುವ ಉಪಕರಣದಿಂದ ಸದ್ದು ಆಲಿಸುತ್ತಾರೆ. ಶೇ 5 ಹೈಡ್ರೋಜನ್, ಶೇ 95 ನೈಟ್ರೋಜನ್ ಬೆರೆಸಿದ ಅನಿಲ ತುಂಬಿ, ಅದು ಎಲ್ಲಿ ಹೊರಬರುತ್ತದೆಂದು ಸೆನ್ಸರಿನಿಂದ ಹುಡುಕುವುದೂ ಉಂಟು. ಉರಿಯುವ ಹೈಡ್ರೋಜನ್ ಎಂದು ಹೆದರಬೇಕಿಲ್ಲ, ಆ ಪ್ರಮಾಣದ ಮಿಶ್ರಣ ಬೆಂಕಿ ಹಿಡಿಯದು. ಶಾಖ ತೋರುವ ಕ್ಯಾಮೆರಾ ಬಿಸಿನೀರಿನ ಲೈನಿಗೆ ಚೆನ್ನಾಗಿ ಒದಗುತ್ತದೆ, ತಣ್ಣೀರಿಗೆ ಅಷ್ಟಾಗಿ ಅಲ್ಲ. ಇದಾವುದನ್ನೂ ಮಾಡದೆ ಸುತ್ತಿಗೆ ಎತ್ತುವವರನ್ನು ವಾಪಸ್ ಕಳಿಸಿ.

ಒಡೆಯಬೇಕೋ, ಬಿಡಬೇಕೋ?

ಪೈಪ್ ಹೊಸದಾಗಿದ್ದು, ಇದೇ ಮೊದಲ ಸೋರಿಕೆಯಾಗಿದ್ದು, ಜಾಗವೂ ಖಚಿತವಾಗಿದ್ದರೆ ಅಲ್ಲಷ್ಟೇ ಒಡೆದು ಸರಿಪಡಿಸುವುದು ಸರಿ. ಕಾಂಕ್ರೀಟನ್ನು ಕಟರಿನಿಂದ ಚೌಕವಾಗಿ ಕೊಯ್ದು, ಪೈಪಿನ ಸುತ್ತ ಕೈಯಾಡುವಷ್ಟು ಮಣ್ಣು ತೆಗೆದು, ಕೆಟ್ಟ ತುಂಡನ್ನು ಕತ್ತರಿಸಿ ಹೊಸದನ್ನು ಜೋಡಿಸುತ್ತಾರೆ. ಮುಚ್ಚುವ ಮೊದಲು ಒತ್ತಡ ಕೊಟ್ಟು ಪರೀಕ್ಷಿಸಲೇಬೇಕು. ತಾಮ್ರದ ಪೈಪಿಗೆ ಕಾಂಕ್ರೀಟ್ ನೇರ ತಾಗದಂತೆ ಪ್ಲಾಸ್ಟಿಕ್ ತೋಳು ತೊಡಿಸಬೇಕು. ಬಿಸಿಗೆ ಹಿಗ್ಗಿ, ತಣಿದಾಗ ಕುಗ್ಗುವ ಪೈಪ್ ಗಟ್ಟಿ ಅಂಚಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ, ತೇವ ತಡೆಯುವ ಹಾಳೆ ಹರಿದಿದ್ದರೆ ಅದನ್ನೂ ಜೋಡಿಸಿ ಕಾಂಕ್ರೀಟ್ ಹಾಕಬೇಕು. ಎಚ್ಚರಿಕೆ: ಹಾಸಿನೊಳಗೆ ಬಿಗಿದೆಳೆದ ಉಕ್ಕಿನ ಕೇಬಲ್‌ಗಳಿರುವ ಕಟ್ಟಡಗಳಿವೆ. ಅಂಥ ಕೇಬಲ್ ಕತ್ತರಿಸಿದರೆ ಜೀವಕ್ಕೇ ಅಪಾಯ. ಸ್ಕ್ಯಾನ್ ಮಾಡದೆ ಅಲ್ಲಿ ಕಟರ್ ಇಡಬಾರದು.

ತುಕ್ಕು ಹಿಡಿದ ಕಬ್ಬಿಣದ ಪೈಪ್, ಎರಡನೇ ಸಲ ಸೋರಿದ ಲೈನ್ ಇವುಗಳ ಮಾತೇ ಬೇರೆ. ಇಲ್ಲಿ ತೇಪೆ ಹಾಕುವುದು ಪಿಸಿದ ಬಟ್ಟೆಗೆ ಹೊಲಿಗೆ ಹಾಕಿದಂತೆ, ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಹೂತ ಲೈನನ್ನು ಅಲ್ಲೇ ಬಿಟ್ಟು, ಗೋಡೆ ಅಥವಾ ಚಾವಣಿಯ ಮೂಲಕ ಹೊಸ ಪೈಪ್ ಎಳೆಯುವುದು ಹೆಚ್ಚಿನ ಮನೆಗಳಿಗೆ ಒಳ್ಳೆಯ ದಾರಿ. ನೆಲ ಒಡೆಯುವುದಿಲ್ಲ, ಸೋರಿಕೆಯ ನಿಖರ ಜಾಗ ಹುಡುಕುವ ಗೋಜಿಲ್ಲ, ಮುಂದೆ ಏನಾದರೂ ಆದರೆ ಕೈಗೆ ಸಿಗುತ್ತದೆ. ಗೋಡೆಯಲ್ಲಿ ಕಾಲುವೆ ಕೊರೆಯಬೇಕಾಗಬಹುದು, ಇಲ್ಲವೇ ಪೈಪ್ ಹೊರಗೆ ಕಾಣಬಹುದು. ಅಂದಕ್ಕೆ ಕೊಂಚ ಕುಂದು, ಅಷ್ಟೆ. ಬಿಸಿನೀರಿಗೆ ಶಾಖ ತಾಳುವ ಪ್ಲಾಸ್ಟಿಕ್‌ಗಳಾದ ಸಿಪಿವಿಸಿ ಅಥವಾ ಪೆಕ್ಸ್ ಪೈಪ್ ಇರಲಿ, ಸಾದಾ ಪಿವಿಸಿ ಬೇಡ. ಹಳೆಯ ಲೈನಿನ ಎರಡೂ ತುದಿಗಳನ್ನು ಬೇರ್ಪಡಿಸಿ ಮುಚ್ಚಳ ಹಾಕಿಸಿ. ಒಂದು ತುದಿ ಜೋಡಿಸಿಯೇ ಉಳಿದರೆ ಸೋರಿಕೆಯೂ ಉಳಿಯುತ್ತದೆ.

ಪೈಪಿನೊಳಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಲೇಪಿಸುವ ವಿಧಾನವೂ ಇದೆ. ಪೈಪನ್ನು ಒಣಗಿಸಿ, ಒಳಗಿನ ತುಕ್ಕನ್ನು ಉಜ್ಜಿ ತೆಗೆದು, ಅಂಟನ್ನು ಗಾಳಿಯಿಂದ ಊದಿ ಹರಡುತ್ತಾರೆ. ಸಣ್ಣ ತೂತುಗಳಿಗೆ ಸರಿ, ಕುಸಿದ ಪೈಪಿಗೆ ಅಲ್ಲ. ಕುಡಿಯುವ ನೀರಿಗೆ ಸುರಕ್ಷಿತವೆಂದು ಪ್ರಮಾಣೀಕರಿಸಿದ ಎಪಾಕ್ಸಿಯೇ ಆಗಿರಬೇಕು. ಕೊಳಕುನೀರಿನ ಪೈಪಿಗಾದರೆ ಒಳಗೆ ಹೊಸ ಒಳಪದರ ಕೂರಿಸಬಹುದು. ಅದೂ ಆಗದಷ್ಟು ಮುರಿದಿದ್ದರೆ ಮನೆಯ ಹೊರಗಿನಿಂದ ತಳಪಾಯದಡಿ ಸುರಂಗ ತೋಡಿ ಬದಲಿಸುತ್ತಾರೆ. ಒಳಗಿನ ನೆಲ ಉಳಿಯುತ್ತದೆ, ಆದರೆ ಖರ್ಚು, ದಿನಗಳು ಎರಡೂ ಹೆಚ್ಚು. ಸುರಂಗವನ್ನು ಸಡಿಲವಾಗಿ ಮುಚ್ಚಿದರೆ ಮುಂದೆ ನೆಲ ಕುಸಿಯುತ್ತದೆ.

ಕೆಲಸ ಮುಗಿಯುವ ಮುನ್ನ

ಗೋಡೆಯಲ್ಲಿ ಓರೆ ಬಿರುಕು ಮೂಡಿದ್ದರೆ, ಬಾಗಿಲು ಹೊಸದಾಗಿ ಬಿಗಿಯಾಗುತ್ತಿದ್ದರೆ, ನೆಲ ತಟ್ಟಿದಾಗ ಪೊಳ್ಳು ಸದ್ದು ಬಂದರೆ ನೀರು ಹಾಸಿನಡಿಯ ಮಣ್ಣನ್ನು ಕೊಚ್ಚಿಕೊಂಡು ಹೋಗಿರಬಹುದು. ನೀರಿಗೆ ಉಬ್ಬಿ, ಒಣಗಿ ಕುಗ್ಗುವ ಎರೆಮಣ್ಣಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆಗ ಪ್ಲಂಬರ್ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು. ತೇವದ ಬಳಿ ವಿದ್ಯುತ್ ಪ್ಲಗ್ ಇದ್ದರೆ ಅದರ ಎಂಸಿಬಿ ಮೊದಲೇ ಇಳಿಸಿ.

ನೀರಿನ ಒತ್ತಡವನ್ನೂ ಅಳೆಸಿ. 5.5 ಬಾರ್ ದಾಟುತ್ತಿದ್ದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸದೆ ಬೇರೆ ದಾರಿಯಿಲ್ಲ, ಇಲ್ಲವಾದರೆ ಮುಂದಿನ ಜಾಯಿಂಟ್ ಸಡಿಲವಾಗುತ್ತದೆ.

ಟೈಲ್ಸ್, ಮರದ ಹಾಸು ಹಾಕಲು ಆತುರ ಬೇಡ. ಕ್ಯೂರಿಂಗ್ ಮುಗಿದು ಕಾಂಕ್ರೀಟ್ ಒಣಗಿದಂತೆ ಕಂಡ ಮೇಲೆ ಸುಮಾರು 45 ಸೆಂ.ಮೀ. ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು.