ಚಳಿಪ್ರಿಯ ಪ್ರೋಟೀನಿನ ಮಾದರಿ: ಸಡಿಲ ಬಿಡಬೇಕಾದ್ದು ಬಾಯನ್ನಷ್ಟೇ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ‘ಹಿಮದಲ್ಲಿ ಬದುಕುವ ಬ್ಯಾಕ್ಟೀರಿಯಾ’ ಎಂಬ ಮೇಜು ಆಗಾಗ ಕಾಣಿಸುತ್ತದೆ. ಥರ್ಮಾಕೋಲಿನ ಬೆಟ್ಟ, ಹತ್ತಿಯ ಮಂಜು, ಪಕ್ಕದಲ್ಲೊಂದು ಜೋತುಬಿದ್ದ ಮಣಿಸರ. ಇದೇನು ಎಂದರೆ “ಚಳಿಯಲ್ಲಿ ಕೆಲಸ ಮಾಡೋ ಪ್ರೋಟೀನು ಮೆತ್ತಗಿರುತ್ತೆ ಸಾರ್” ಎಂಬ ಉತ್ತರ. ಅರ್ಧ ಸರಿ. ಇಡೀ ಪ್ರೋಟೀನೇ ಜೋತುಬಿದ್ದರೆ, ಅಮೈಲೇಸ್‌ನಂಥ ಕಿಣ್ವ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನು) ಪಿಷ್ಟವನ್ನು ಹಿಡಿದು ಕತ್ತರಿಸುವುದು ಹೇಗೆ?

ಮೊದಲ ಮಾತು: ಒಂದಲ್ಲ, ಎರಡು ಮಾದರಿ ಮಾಡಿ. ಹಂದಿಯ ಮೇದೋಜೀರಕ ಗ್ರಂಥಿಯ ಅಮೈಲೇಸ್ ಒಂದು. ಅಂಟಾರ್ಕ್ಟಿಕಾದ ಕಡಲ ಬ್ಯಾಕ್ಟೀರಿಯಾ ಸ್ಯೂಡೋಆಲ್ಟೆರೊಮೊನಾಸ್ ಹ್ಯಾಲೊಪ್ಲಾಂಕ್ಟಿಸ್‌ನ ಅಮೈಲೇಸ್ ಇನ್ನೊಂದು. ಎರಡೂ ಮಾಡುವುದು ಪಿಷ್ಟ ಒಡೆಯುವ ಕೆಲಸವನ್ನೇ.

ಬೇಕಾದ್ದು ಬೈಂಡಿಂಗ್ ವೈರು, ಮಣಿ, ಖಾಲಿ ರೀಫಿಲ್, ಬಾಲ್‌ಪೆನ್ನಿನ ಸ್ಪ್ರಿಂಗ್, ಪುಟ್ಟ ಆಯಸ್ಕಾಂತಗಳು, ಎರಡು ಅಡಿಕೆ ಹಾಳೆಯ ತಟ್ಟೆ. ಎಲ್ಲ ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ಸಿಗುತ್ತದೆ. ಅಣುಮಾದರಿಯ ರೆಡಿಮೇಡ್ ಕಿಟ್ ಕೊಳ್ಳಬೇಡಿ. ಅದರ ಕಡ್ಡಿಗಳು ಬಾಗುವುದೇ ಇಲ್ಲ.

ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಳಿ; ಇಲ್ಲಿ ಮಣಿಗಳೇ ಆ ಆಮ್ಲಗಳು. ವೈರಿಗೆ ಮಣಿ ಪೋಣಿಸಿ, ಉಂಡೆಯಾಗಿ ಸುತ್ತಿ, ತಟ್ಟೆಗೆ ಬಿಗಿಯಿರಿ. ಎರಡೂ ಒಂದೇ ಅಳತೆಯವಾಗಿರಲಿ.

ಇನ್ನು ಬಾಯಿ, ಅಂದರೆ ಸಕ್ರಿಯ ತಾಣ: ಕಿಣ್ವ ಪಿಷ್ಟವನ್ನು ಹಿಡಿದು ಕತ್ತರಿಸುವ ಜಾಗ. ಕೆಡುವುದೆಲ್ಲ ಇಲ್ಲಿಯೇ. ಉಂಡೆಯ ಒಂದು ಪಕ್ಕದಲ್ಲಿ ವೈರನ್ನು ಎರಡು ತುಟಿಗಳಂತೆ ಎಳೆದು, ನಡುವೆ ಮೂರು ಕೆಂಪು ಮಣಿ ಕೂರಿಸಿ: ಎರಡು ಆಸ್ಪಾರ್ಟೇಟ್, ಒಂದು ಗ್ಲುಟಮೇಟ್. ಕತ್ತರಿಸುವ ಕೆಲಸ ಈ ಮೂರು ಅಮೈನೋ ಆಮ್ಲಗಳದು. ಹಂದಿಯಲ್ಲೂ ಇವೇ, ಅಂಟಾರ್ಕ್ಟಿಕಾದಲ್ಲೂ ಇವೇ. ಚಳಿಯ ಮಾದರಿಗೆಂದು ನೀಲಿ ಮಣಿ ಹಾಕಿದಿರೋ, ವಿಷಯವೇ ತಪ್ಪಿತು. ಬದಲಾಗುವುದು ಸುತ್ತಮುತ್ತಲಿನ ಹಿಡಿತ. ಬಾಗಿಲು ಸಲೀಸಾಗಿ ಆಡಲೆಂದು ಕೀಲಿಗೆ ಎಣ್ಣೆ ಬಿಡುತ್ತೇವೆಯೇ ಹೊರತು ಗೋಡೆ ಸಡಿಲಿಸುವುದಿಲ್ಲವಲ್ಲ.

ಹಂದಿಯ ಮಾದರಿಯಲ್ಲಿ ತುಟಿಗಳ ಬುಡದ ತಿರುವಿಗೆ ರೀಫಿಲ್ ತುಂಡು ತೂರಿಸಿ. ಇದು ಪ್ರೋಲೀನ್; ಸರಪಳಿಯನ್ನು ಬಾಗಗೊಡದ ಅಮೈನೋ ಆಮ್ಲ. ಚಳಿಯ ಮಾದರಿಯಲ್ಲಿ ಅದೇ ಜಾಗದ ವೈರು ಕತ್ತರಿಸಿ, ನಡುವೆ ಸ್ಪ್ರಿಂಗ್ ಸಿಕ್ಕಿಸಿ. ಚಳಿಪ್ರಿಯ ಪ್ರೋಟೀನುಗಳ ತಿರುವುಗಳಲ್ಲಿ ಪ್ರೋಲೀನ್ ಕಡಿಮೆ; ಹಲವು ಕಿಣ್ವಗಳಲ್ಲಿ ಬಾಯಿಯ ಹತ್ತಿರ ಗ್ಲೈಸೀನ್ ಹೆಚ್ಚು. ಗ್ಲೈಸೀನ್‌ಗೆ ಪಕ್ಕದ ಕೊಂಬೆಯಾಗಿ ಬರಿಯ ಹೈಡ್ರೋಜನ್ ಇರುವುದರಿಂದ ಎತ್ತ ಬೇಕಾದರೂ ತಿರುಗುತ್ತದೆ. ಸ್ಪ್ರಿಂಗನ್ನು ವೈರಿನಿಂದಲೇ ಬಿಗಿಯಿರಿ, ಗ್ಲೂ ಗನ್ ಬೇಡ. ಅಂಟು ಒಳಗೆ ಹರಿದು ಗಟ್ಟಿಯಾದರೆ ನಿಮ್ಮ ಮೇಜಿನ ಮೇಲೆ ಎರಡೂ ಹಂದಿಯ ಕಿಣ್ವವೇ.

ಆಮೇಲೆ ಆಯಸ್ಕಾಂತ. ಧನ-ಋಣ ವಿದ್ಯುದಂಶಗಳ ಸೆಳೆತಕ್ಕೆ ಇವು ಪ್ರತಿನಿಧಿ. ಹಂದಿಗೆ ಧಾರಾಳವಾಗಿ, ಚಳಿಯದಕ್ಕೆ ಕಡಿಮೆ. ನಡುವೆ ರಟ್ಟಿನ ಚೂರಿಟ್ಟರೆ ಸೆಳೆತ ಇನ್ನಷ್ಟು ತಗ್ಗುತ್ತದೆ. ಹಾಗೆಂದು ಪೂರ್ತಿ ತೆಗೆಯಬೇಡಿ.

ಚಾರ್ಟಿನ ಮೇಲೆ ದಯವಿಟ್ಟು ಆಗುಂಬೆ, ಕೊಡಚಾದ್ರಿಯ ಮಂಜಿನ ಫೋಟೊ ಅಂಟಿಸಬೇಡಿ. ನಿಜವಾದ ಚಳಿಪ್ರಿಯಗಳು 15 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಚೆನ್ನಾಗಿ ಬೆಳೆದು, 20 ದಾಟಿದರೆ ಬೆಳವಣಿಗೆಯನ್ನೇ ನಿಲ್ಲಿಸುವಂಥವು. ಮಲೆನಾಡಿನ ಮಧ್ಯಾಹ್ನ ಅವಕ್ಕೆ ಆಗಿಬರದು. ಫ್ರಿಜ್‌ನಲ್ಲಿ ಹಾಲು ಕೆಡಿಸುವ ಸ್ಯೂಡೊಮೊನಾಸ್ ಚಳಿಯನ್ನು ಸಹಿಸಿಕೊಳ್ಳುವ ಜಾತಿ, ಅದಕ್ಕೆ ಇಷ್ಟ ಬೆಚ್ಚಗಿನ ಜಾಗವೇ. ನಮ್ಮ ದೇಶದ ಉದಾಹರಣೆ ಬೇಕಿದ್ದರೆ, ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯವರು ಅಂಟಾರ್ಕ್ಟಿಕಾದ ಬ್ಯಾಕ್ಟೀರಿಯಾಗಳ ಮೇಲೆ ನಡೆಸಿದ ಅಧ್ಯಯನವಿದೆ.

ಈಗ ತೋರಿಸುವ ಬಗೆ. ಅಣುಗಳ ಮಟ್ಟದಲ್ಲಿ ಶಾಖವೆಂದರೆ ಅಲುಗಾಟ, ಆದ್ದರಿಂದ ತಟ್ಟೆ ಅಲುಗಿಸಿ. ಮೆಲ್ಲಗೆ ಅಲುಗಿಸಿದರೆ ಚಳಿಯದು ಬಾಯಿ ಆಡಿಸುತ್ತದೆ; ಹಂದಿಯದು ಬಿಗಿದುಕೊಂಡೇ ಇರುತ್ತದೆ. ಸಾಮಾನ್ಯ ಕಿಣ್ವಗಳ ವೇಗ ಪ್ರತಿ 10 ಡಿಗ್ರಿ ಇಳಿತಕ್ಕೆ ಅರ್ಧ ಅಥವಾ ಮೂರನೇ ಒಂದಕ್ಕೆ ಇಳಿಯುವುದನ್ನು ಇಲ್ಲೇ ಹೇಳಿ. ಜೋರಾಗಿ ಅಲುಗಿಸಿ: ಚಳಿಯದರ ಬಾಯಿ ಮೊದಲು ಸೊಟ್ಟಗಾಗಿ, ಆಮೇಲೆ ಆಯಸ್ಕಾಂತ ಬಿಡಬೇಕು. ಅನುಕ್ರಮ ಹೀಗೇ ಇರಲಿ. ಅಂಟಾರ್ಕ್ಟಿಕಾದ ಅಮೈಲೇಸ್‌ನ ರಚನೆ ಬಿಚ್ಚಿಕೊಳ್ಳುವುದು ಸುಮಾರು 44 ಡಿಗ್ರಿಗೆ, ಹಂದಿಯದು 65ರ ಆಸುಪಾಸಿಗೆ. ಆದರೆ ಅಂಟಾರ್ಕ್ಟಿಕಾದ್ದು ರಚನೆ ಬಿಚ್ಚುವ ಮೊದಲೇ ಕೆಲಸ ನಿಲ್ಲಿಸಿರುತ್ತದೆ. ಆಯಸ್ಕಾಂತವೇ ಮೊದಲು ಬಿದ್ದರೆ ರಟ್ಟು ದಪ್ಪವಾಯಿತು, ತೆಳುವಾದದ್ದು ಹಾಕಿ.

ವಸ್ತುಪ್ರದರ್ಶನಕ್ಕೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬಸ್ಸಿನಲ್ಲಿ ಬರುವವರು ಚಳಿಯ ಮಾದರಿಯ ಆಯಸ್ಕಾಂತ ಬಿಡಿಸಿ ಡಬ್ಬಿಯಲ್ಲಿ ತನ್ನಿ, ಜೊತೆಗೆ ನಾಲ್ಕು ಸ್ಪ್ರಿಂಗ್ ಹೆಚ್ಚಿಗೆ ಇರಲಿ. ಪೆನ್ನಿನವು ಬೇಗ ಎಳೆದುಹೋಗುತ್ತವೆ.